ನರ್ಸಿಂಗ್ ಕಾಲೇಜು ಶುರುವಾಗಲು ನಾಲ್ಕು ತಿಂಗಳಿದೆ, ಈಗಿನಿಂದಲೇ ಅನಾಟಮಿ ಓದಬೇಕೇ?

ಕಚೇರಿ ಕೆಲಸ ಬಿಟ್ಟು ಇಪ್ಪತ್ತಾರನೆಯ ವಯಸ್ಸಿಗೆ ನರ್ಸಿಂಗ್ ಸೇರುತ್ತಿದ್ದೀರಿ. ದಪ್ಪನೆಯ ಅನಾಟಮಿ (ದೇಹರಚನೆ) ಪುಸ್ತಕ ತಂದಿಟ್ಟುಕೊಂಡು, ದಿನಕ್ಕೆ ಎಷ್ಟು ಗಂಟೆ ಓದಬೇಕು ಎಂದು ಕೇಳುತ್ತಿದ್ದೀರಿ. ಪ್ರಶ್ನೆಯ ಕೊನೆಯಲ್ಲಿ ‘ಲೆಕ್ಕದ ಚಿಂತೆ ಇಲ್ಲ, ಐದು ವರ್ಷ ಅಕೌಂಟ್ಸ್ ವಿಭಾಗದಲ್ಲೇ ಇದ್ದೆ’ ಎಂದು ಸೇರಿಸಿದ್ದೀರಲ್ಲ, ಆ ಸಾಲಿಗಾಗಿಯೇ ಇದನ್ನು ಬರೆಯಲು ಕುಳಿತೆ. ಒಂಬತ್ತು ವರ್ಷಗಳ ಹಿಂದೆ ನಾನೂ ಇದೇ ಮಾತನ್ನು ಹೇಳಿಕೊಂಡು ಎದೆಯುಬ್ಬಿಸಿ ಓಡಾಡುತ್ತಿದ್ದೆ. ನನ್ನದೂ ಲೆಕ್ಕಪತ್ರದ ಕೆಲಸವೇ ಆಗಿತ್ತು.

ನನಗೂ ನಾಲ್ಕು ತಿಂಗಳ ಸಮಯವಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಮೂಳೆಗಳ ಹೆಸರು ಉರು ಹೊಡೆಯುತ್ತಿದ್ದೆ. ಒಟ್ಟು 206 ಮೂಳೆಗಳು, ಒಂದನ್ನೂ ಬಿಡಲಿಲ್ಲ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳನ್ನು ಬಸ್ಸಿನಲ್ಲಿ ಕುಳಿತು, ಬಲಗೈಯಿಂದ ಎಡ ಮಣಿಕಟ್ಟನ್ನು ಒತ್ತಿಕೊಳ್ಳುತ್ತಾ, ಸ್ಕಾಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್ ಎಂದು ಗುನುಗುತ್ತಿದ್ದೆ. ಪಕ್ಕದವರು ಜರುಗಿ ಕುಳಿತದ್ದೂ ಉಂಟು. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಿಗೆ ಹನ್ನೆರಡು ಬಣ್ಣ ಕೊಟ್ಟು ಗೋಡೆಗೆ ಚಿತ್ರ ಅಂಟಿಸಿದ್ದೆ. ಕಾಲೇಜು ಶುರುವಾಯಿತು. ಅನಾಟಮಿ ಮೇಡಂ ಮೊದಲ ಪುಟದಿಂದ, ಏನೂ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಪಾಠ ಆರಂಭಿಸಿದರು. ಮೂರು ವಾರ ನಾನು ತರಗತಿಯಲ್ಲಿ ಆಕಳಿಸಿದೆ. ನಾಲ್ಕನೆಯ ವಾರದ ಹೊತ್ತಿಗೆ ಎಲ್ಲರೂ ನನ್ನ ಸಮಕ್ಕೆ ಬಂದಿದ್ದರು. ನಾಲ್ಕು ತಿಂಗಳ ಓದಿನಿಂದ ಗಿಟ್ಟಿದ್ದು ಆ ಆಕಳಿಕೆಗಳು ಮಾತ್ರ.

ಅದರಿಂದ ಸಮಯ ಹಾಳಾಯಿತು, ಅಷ್ಟೇ. ಪೆಟ್ಟು ಬಿದ್ದದ್ದು ಬೇರೆ ಕಡೆ.

ವಾರ್ಡಿನಲ್ಲಿ ಔಷಧಿ ಕೊಡಲು ಬಿಡುವ ಮೊದಲು ನಮ್ಮ ಕಾಲೇಜಿನಲ್ಲಿ ಔಷಧಿ ಪ್ರಮಾಣದ ಲೆಕ್ಕಗಳದೇ ಒಂದು ಪ್ರತ್ಯೇಕ ಪರೀಕ್ಷೆ ಇತ್ತು. ಹತ್ತು ಲೆಕ್ಕ. ಹತ್ತೂ ಸರಿ ಇರಬೇಕು. ಒಂಬತ್ತು ಬಂದರೆ ತೇರ್ಗಡೆ ಇಲ್ಲ. ಅವಕಾಶ ಎರಡೇ ಸಲ. ಎಲ್ಲ ಕಾಲೇಜುಗಳಲ್ಲೂ ಹತ್ತಕ್ಕೆ ಹತ್ತು ಕೇಳುವುದಿಲ್ಲ, ಆದರೆ ಈ ಲೆಕ್ಕಗಳಿಂದ ಯಾರಿಗೂ ಬಿಡುಗಡೆ ಇಲ್ಲ. ನಾನು ಆ ಪರೀಕ್ಷೆಗೆ ಓದಲೇ ಇಲ್ಲ. ಗುಣಾಕಾರ ಭಾಗಾಕಾರ ನನಗೇನು ಹೊಸದೇ?

ಆರನೆಯ ಲೆಕ್ಕ ಇಂದಿಗೂ ಬಾಯಿಪಾಠವಿದೆ. ರೋಗಿಗೆ 250 ಮೈಕ್ರೋಗ್ರಾಂ ಔಷಧಿ ಚುಚ್ಚಬೇಕು. ಆಂಪೂಲಿನ, ಅಂದರೆ ಔಷಧಿ ತುಂಬಿದ ಪುಟ್ಟ ಗಾಜಿನ ಕುಪ್ಪಿಯ, ಮೇಲೆ ‘ಒಂದು ಮಿಲಿಲೀಟರಿನಲ್ಲಿ 0.5 ಮಿಲಿಗ್ರಾಂ’ ಎಂದು ಬರೆದಿದೆ. ಸಿರಿಂಜಿಗೆ ಎಷ್ಟು ಎಳೆಯುತ್ತೀರಿ? ನಾನು 5 ಮಿಲಿಲೀಟರ್ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಮುಂದಿನದಕ್ಕೆ ಹೋದೆ. ಸರಿಯುತ್ತರ 0.5 ಮಿಲಿಲೀಟರ್. ಹತ್ತು ಪಟ್ಟು ಹೆಚ್ಚು ಬರೆದಿದ್ದೆ.

ಎಲ್ಲಿ ತಪ್ಪಿದೆ ಎಂದು ಬಿಡಿಸಿ ಹೇಳುತ್ತೇನೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಹಾಗಾಗಿ 250 ಮೈಕ್ರೋಗ್ರಾಂ ಎಂದರೆ 0.25 ಮಿಲಿಗ್ರಾಂ, ಅದನ್ನು 0.5ರಿಂದ ಭಾಗಿಸಿದರೆ ಅರ್ಧ ಮಿಲಿಲೀಟರ್. ನಾನು ಸಾವಿರದ ಬದಲು ನೂರರಿಂದ ಭಾಗಿಸಿ 2.5 ಎಂದು ಇಟ್ಟುಕೊಂಡೆ. ಸೆಂಟಿಮೀಟರು ಮೀಟರುಗಳ ನೂರು ಎಲ್ಲೋ ತಲೆಯಲ್ಲಿ ಕುಳಿತಿತ್ತೆಂದು ಕಾಣುತ್ತದೆ. ಅಲ್ಲಿಂದ ಮುಂದಿನದೆಲ್ಲ ಸರಿಯೇ. 2.5ನ್ನು 0.5ರಿಂದ ಭಾಗಿಸಿದರೆ 5 ಬರಲೇಬೇಕು. ಕ್ಯಾಲ್ಕುಲೇಟರ್ ಒತ್ತಿದ್ದರೂ 5 ಎಂದೇ ತೋರಿಸುತ್ತಿತ್ತು. ಭಾಗಾಕಾರ ಎರಡು ಸಲ ತಾಳೆ ನೋಡಿದೆ, ಎರಡು ಸಲವೂ ತಾಳೆಯಾಯಿತು. ಅದೇ ನನ್ನನ್ನು ಮುಳುಗಿಸಿತು.

ಫಲಿತಾಂಶದ ದಿನ ನಮ್ಮ ಟ್ಯೂಟರ್ ನನ್ನನ್ನು ಪ್ರಯೋಗಾಲಯಕ್ಕೆ ಕರೆದರು. ಬೈಯಲಿಲ್ಲ. ಟ್ರೇಯಲ್ಲಿ ಒಂದೊಂದು ಮಿಲಿಲೀಟರಿನ ಐದು ಆಂಪೂಲ್ ಇಟ್ಟು, ಅಭ್ಯಾಸಕ್ಕೆ ಇಟ್ಟ ಬರೀ ನೀರಿನವು, ‘ನಿಮ್ಮ ಡೋಸ್ ತಯಾರು ಮಾಡಿ’ ಎಂದರು. ತುದಿಯಲ್ಲಿ ನಿಂತ ಹನಿ ಕೆಳಗಿಳಿಯಲಿ ಎಂದು ಬೆರಳಿನಿಂದ ತಟ್ಟಿ, ಆಂಪೂಲಿನ ಕುತ್ತಿಗೆಗೆ ತೆಳುವಾದ ಬ್ಯಾಂಡೇಜು ಬಟ್ಟೆ ಸುತ್ತಿ, ನನ್ನಿಂದ ಆಚೆಗೆ ಬಾಗಿಸಿ ಟಕ್ಕೆಂದು ಮುರಿದೆ. ಒಂದಾಯಿತು. ಸೂಜಿಯಿಂದ ಎಳೆದೆ. ಎರಡನೆಯದು. ಮೂರನೆಯದನ್ನು ಕೈಯಲ್ಲಿ ಹಿಡಿದಾಗ ಒಡೆದ ಎರಡು ಗಾಜಿನ ಬುಡಗಳು ಟ್ರೇಯಲ್ಲಿ ಕಂಡವು, ಇನ್ನೆರಡು ಕಾಯುತ್ತಿದ್ದವು, ಕೈ ನಿಂತಿತು. ‘ಎರಡನೆಯದಕ್ಕೇ ನಿಲ್ಲಬೇಕಿತ್ತು’ ಎಂದರು ಅವರು, ಅಷ್ಟೇ ಹೇಳಿ ಹೋದರು.

ಔಷಧಿ ತಯಾರಿಸುವವರು ಸಾಮಾನ್ಯವಾಗಿ ವಯಸ್ಕರ ಒಂದು ಡೋಸ್ ಅರ್ಧ, ಒಂದು ಅಥವಾ ಎರಡು ಆಂಪೂಲಿನಲ್ಲಿ ಮುಗಿಯುವ ಹಾಗೆಯೇ ತುಂಬಿರುತ್ತಾರೆ. ಮಾತ್ರೆಗಳೂ ಹಾಗೆಯೇ. ಒಬ್ಬ ರೋಗಿಗೆ ಒಂದು ಹೊತ್ತಿಗೆ ಐದು ಆಂಪೂಲ್ ಒಡೆಯಬೇಕಾಗಿ ಬಂದರೆ ಮೊದಲು ನಿಮ್ಮ ಲೆಕ್ಕದ ಮೇಲೆ ಅನುಮಾನ ಬರಬೇಕು. ನನಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಬಹಳ ದಿನ ಯೋಚಿಸಿದೆ. ನನ್ನಂತೆಯೇ ನೀವೂ ಅದೇ ಕಸುಬಿನಿಂದ ಬರುತ್ತಿರುವುದರಿಂದ ಕಿವಿಗೊಟ್ಟು ಕೇಳಿ. ಹಣದ ಲೆಕ್ಕದಲ್ಲಿ ಏಕಮಾನ ಬದಲಾಗುವುದೇ ಇಲ್ಲ. ಇಡೀ ದಿನ, ಇಡೀ ವರ್ಷ, ಕಾಲಂ ತುಂಬ ಒಂದೇ ನಾಣ್ಯ. ಹಾಗಾಗಿ ಕಣ್ಣು ಸಂಖ್ಯೆಯನ್ನು ಮಾತ್ರ ಓದಿ, ಪಕ್ಕದಲ್ಲಿ ಬರೆದ ಅಕ್ಷರಗಳನ್ನು ದಾಟಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡುಬಿಟ್ಟಿರುತ್ತದೆ. ಲೆಕ್ಕ ಬಾರದವರು ಭಯದಿಂದ ಪ್ರತಿಯೊಂದು ಅಕ್ಷರವನ್ನೂ ಓದುತ್ತಾರೆ. ನಮ್ಮ ತರಗತಿಯಲ್ಲಿ ಗಣಿತ ಎಂದರೆ ನಡುಗುತ್ತಿದ್ದ ಹುಡುಗಿಯೊಬ್ಬಳು ಮೊದಲ ಸಲಕ್ಕೇ ಹತ್ತಕ್ಕೆ ಹತ್ತು ತೆಗೆದಳು. ಲೆಕ್ಕದಲ್ಲಿ ನಿಮಗಿರುವ ಧೈರ್ಯ ನಿಮ್ಮ ಬಲ ಅಂದುಕೊಂಡಿದ್ದೀರಿ. ನಾನು ಅದನ್ನು ಒಪ್ಪುವುದಿಲ್ಲ.

ಎರಡನೆಯ ಅವಕಾಶದಲ್ಲಿ ಮೈಕ್ರೋಗ್ರಾಂಗಳನ್ನು ಹದ್ದಿನ ಕಣ್ಣಿಟ್ಟು ನೋಡಿದೆ. ಡ್ರಿಪ್ ಲೆಕ್ಕದಲ್ಲಿ ಬಿದ್ದೆ. 500 ಮಿಲಿಲೀಟರ್ ಸ್ಯಾಲೈನ್, ನಾಲ್ಕು ಗಂಟೆಯಲ್ಲಿ ಹೋಗಬೇಕು, ನಿಮಿಷಕ್ಕೆ ಎಷ್ಟು ಹನಿ? ಒಟ್ಟು ಮಿಲಿಲೀಟರನ್ನು, ಒಂದು ಮಿಲಿಲೀಟರಿಗೆ ಆ ನಳಿಕೆಯಿಂದ ಬೀಳುವ ಹನಿಗಳಿಂದ ಗುಣಿಸಿ, ಒಟ್ಟು ನಿಮಿಷಗಳಿಂದ ಭಾಗಿಸಬೇಕು. ತರಗತಿಯಲ್ಲಿ ಯಾವಾಗಲೂ 20 ಹನಿಯ ಸೆಟ್, ಅಂದರೆ ಒಂದು ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆ, ಬಳಸಿದ್ದೆವು. ಪ್ರಶ್ನೆಯಲ್ಲಿ 15 ಹನಿಯ ಸೆಟ್ ಎಂದಿತ್ತು. ನಾನು 42 ಎಂದು ಬರೆದೆ, ಆಗಬೇಕಾದದ್ದು 31. ಮತ್ತೆ ಅದೇ ತಪ್ಪು, ಬೇರೆ ಅಂಗಿ ತೊಟ್ಟು ಬಂದಿತ್ತು. ಹನಿಯ ಗಾತ್ರ ಸೆಟ್‌ನಿಂದ ಸೆಟ್‌ಗೆ ಬದಲಾಗುತ್ತದೆ: ದೊಡ್ಡ ಹನಿಯವು 10, 15, 20, ಸಣ್ಣ ಹನಿಯದು 60. ಅದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಓದಬೇಕು, ಅಷ್ಟೇ.

ಎರಡೂ ಅವಕಾಶ ಹೋದವು. ನನ್ನ ಜೊತೆಯವರು ವಾರ್ಡಿಗೆ ಹೋದರು, ನಾನು ಆ ಒಂದು ವಿಷಯಕ್ಕಾಗಿ ನಮ್ಮ ನಂತರ ಸೇರಿದ ತಂಡದ ಜೊತೆ ಕಾಯ್ದು ಆರು ತಿಂಗಳು ತಡವಾಗಿ ಮುಂದುವರಿದೆ. ಮನೆಯಲ್ಲಿ ‘ಲೆಕ್ಕದಲ್ಲಿ ಫೇಲಾದೆ’ ಎಂದಾಗ ಅಮ್ಮ ನಂಬಲೇ ಇಲ್ಲ, ಬೇರೇನೋ ಮುಚ್ಚಿಡುತ್ತಿದ್ದೇನೆ ಅಂದುಕೊಂಡರು. ಆ ಆರು ತಿಂಗಳ ಸಿಟ್ಟು ಕಾಲೇಜಿನ ಮೇಲೆ ಇದ್ದದ್ದು ಹೌದು. ಮೊದಲ ಬಾರಿ ಸ್ವತಃ ಇನ್ಸುಲಿನ್ ಎಳೆದ ದಿನ ಅದು ಇಳಿಯಿತು. ಅಂದು ನನ್ನ ಕೈಯಲ್ಲಿದ್ದದ್ದು ಒಂದು ಮಿಲಿಲೀಟರಿನಲ್ಲಿ 100 ಯೂನಿಟ್ ಇರುವ ದ್ರವ. ನಾಲ್ಕು ಯೂನಿಟ್ ಎಂದರೆ ಸಿರಿಂಜಿನ ತುದಿಯಲ್ಲಿ ಕಾಣಿಸಿಯೂ ಕಾಣಿಸದಷ್ಟು. ಚೀಟಿಯಲ್ಲಿ ನಾಲ್ಕರ ಪಕ್ಕ ಅವಸರದಲ್ಲಿ ಗೀಚಿದ ಇಂಗ್ಲಿಷಿನ ‘ಯು’ ಅಕ್ಷರ ಸೊನ್ನೆಯಂತೆ ಕಂಡರೆ ನಾಲ್ಕು ನಲವತ್ತಾಗುತ್ತದೆ. ಅದಕ್ಕೇ ‘ಯೂನಿಟ್’ ಎಂದು ಪೂರ್ತಿ ಬರೆಯಬೇಕು ಎಂದು ಕಲಿಸುವುದು. 0.5ರ ಸೊನ್ನೆ ಬಿಟ್ಟು ಬರೀ .5 ಎಂದು ಎಂದೂ ಬರೆಯಬಾರದು, 5ನ್ನು 5.0 ಎಂದು ಎಂದೂ ಬರೆಯಬಾರದು ಎನ್ನುವುದೂ ಇದಕ್ಕೇ. ಚುಕ್ಕಿ ಮಸುಕಾದರೆ ಮೊದಲನೆಯದು 5 ಆಗುತ್ತದೆ, ಎರಡನೆಯದು 50.

ಈಗ ನಿಮ್ಮ ಪ್ರಶ್ನೆ. ದಿನಕ್ಕೆ ಎಷ್ಟು ಗಂಟೆ ಅನಾಟಮಿ ಓದಬೇಕು? ಸೊನ್ನೆ ಗಂಟೆ. ಕಾಲೇಜು ಹೇಗೂ ಕಲಿಸುವುದನ್ನು ಮುಂಚೆಯೇ ಓದಿಟ್ಟುಕೊಳ್ಳುವುದು ತಯಾರಿ ಅಲ್ಲ, ಆತಂಕ ಕಳೆಯುವ ಒಂದು ದಾರಿ. ಕಾಲೇಜು ಕಲಿಸದೆ, ‘ನಿಮಗೆ ಬರುತ್ತದೆ’ ಎಂದು ಅಂದುಕೊಂಡುಬಿಡುವ ಸಂಗತಿಗಳೇ ನಿಮ್ಮ ತಯಾರಿಯಾಗಬೇಕು. ಗ್ರಾಂ, ಮಿಲಿಗ್ರಾಂ, ಮೈಕ್ರೋಗ್ರಾಂ, ಲೀಟರ್, ಮಿಲಿಲೀಟರ್, ಗಂಟೆ, ನಿಮಿಷ. ದಿನಕ್ಕೆ ಹತ್ತು ಲೆಕ್ಕ, ಕಾಗದದ ಮೇಲೆ, ಕ್ಯಾಲ್ಕುಲೇಟರ್ ಇಲ್ಲದೆ. ಪ್ರತಿ ಸಂಖ್ಯೆಯ ಪಕ್ಕ ಏಕಮಾನ ಬರೆಯಿರಿ, ಮೇಲೆ ಕೆಳಗೆ ಒಂದೇ ಇದ್ದರೆ ಹೊಡೆದು ಹಾಕಿ, ಕೊನೆಗೆ ಉಳಿದದ್ದು ಕೇಳಿದ ಏಕಮಾನವೇ ಎಂದು ನೋಡಿ. ಲೆಕ್ಕ ಶುರು ಮಾಡುವ ಮುಂಚೆಯೇ ‘ಒಂದು ಆಂಪೂಲಿಗಿಂತ ಹೆಚ್ಚೋ ಕಡಿಮೆಯೋ’ ಎಂದು ಊಹಿಸಿ ಮೂಲೆಯಲ್ಲಿ ಬರೆದಿಡಿ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಎಲ್ಲರಿಗೂ ಆ ದೀಪ ಮಾತ್ರ ನೆನಪು. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂದು ಅಂಕಿಗಳನ್ನು ಚಿತ್ರವಾಗಿಸಿ ಸರ್ಕಾರದ ಮುಂದೆ ಇಟ್ಟವರು ಅವರೇ. 1858ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದದ್ದೂ ಅವರೇ. ಈ ವೃತ್ತಿಗೂ ಲೆಕ್ಕಕ್ಕೂ ಸಂಬಂಧವಿಲ್ಲ ಎನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇನ್ನೊಂದು ಕೆಲಸವನ್ನು ಈ ವಾರವೇ ಮಾಡಿ: ರಕ್ತದಿಂದ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ತಡೆಯುವ ಲಸಿಕೆ. ಚಿಕ್ಕವರಿದ್ದಾಗ ಹಾಕಿಸಿದ್ದರೆ ಆ ದಾಖಲೆ ಹುಡುಕಿ. ಇಲ್ಲದಿದ್ದರೆ ಮೊದಲ ಡೋಸ್ ಈಗ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಮೊದಲನೆಯದರಿಂದ ಆರು ತಿಂಗಳಿಗೆ. ನಿಮಗಿರುವುದು ನಾಲ್ಕು ತಿಂಗಳು, ಇವತ್ತು ಶುರು ಮಾಡಿದರೂ ಕಾಲೇಜು ಶುರುವಾಗುವ ಹೊತ್ತಿಗೆ ಮುಗಿಯುವುದಿಲ್ಲ. ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ ರಕ್ಷಣೆ ಬಂದಿದೆಯೇ ಎಂದು ನೋಡುತ್ತಾರೆ. ಆ ಚೀಟಿಯನ್ನು ಜೋಪಾನವಾಗಿಡಿ, ಮುಂದೆ ಎಲ್ಲ ಕಡೆ ಕೇಳುತ್ತಾರೆ.

ರಕ್ತ ಕಂಡರೆ ತಲೆ ಸುತ್ತುತ್ತದೆ ಎಂದು ಬರೆದಿದ್ದೀರಿ. ಬಹಳ ಜನರಿಗೆ ಮೊದಲಲ್ಲಿ ಸುತ್ತುತ್ತದೆ, ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ವಾರ್ಡಿಗೆ ಹೋಗಬೇಡಿ, ಕಣ್ಣು ಕತ್ತಲಿಟ್ಟರೆ ನಾಚಿಕೆ ಬಿಟ್ಟು ನೆಲದ ಮೇಲೆ ಕುಳಿತುಬಿಡಿ. ನನಗೆ ರಕ್ತಕ್ಕಿಂತ ಕಷ್ಟವಾದದ್ದು ಮಾತು. ಅಪ್ಪನ ವಯಸ್ಸಿನ ಅಪರಿಚಿತರೊಬ್ಬರಿಗೆ ‘ಅಂಗಿಯ ಗುಂಡಿ ಬಿಚ್ಚಬೇಕು, ಬಿಚ್ಚಲೇ?’ ಎಂದು ಕೇಳಲು ಗಂಟಲು ಕಟ್ಟಿತ್ತು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಉಗುರು ಕತ್ತರಿಸಿ, ಕೈ ಹಿಡಿದು ಮಂಚದಿಂದ ಎಬ್ಬಿಸಿ, ನಾಡಿ ಹಿಡಿದು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ. ಲಯ ತಪ್ಪಿದ ನಾಡಿ ಆ ಉಳಿದರ್ಧದಲ್ಲೇ ಸಿಗುವುದುಂಟು. ಮುಟ್ಟಲು ಕಲಿಯುವುದು ಪುಸ್ತಕದಿಂದ ಆಗುವ ಕೆಲಸವಲ್ಲ. ದುಬಾರಿ ಸ್ಟೆತಸ್ಕೋಪ್ ಈಗಲೇ ಕೊಳ್ಳಬೇಡಿ, ಅದನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ, ನನ್ನದು ಎರಡನೆಯ ತಿಂಗಳಲ್ಲೇ ಹೋಯಿತು. ಹಣವಿದ್ದರೆ ಪಾದಕ್ಕೆ ಸರಿಹೊಂದುವ ಬೂಟಿಗೆ ಹಾಕಿ, ದಿನಕ್ಕೆ ಎಂಟು ಗಂಟೆ ನಿಲ್ಲುವವರು ನೀವು.

ಕೆಲಸ ಬಿಡಬೇಕೇ, ಅರ್ಧ ದಿನ ಮುಂದುವರಿಸಬೇಕೇ ಎಂದೂ ಕೇಳಿದ್ದೀರಿ. ಅದು ನಿಮ್ಮ ಮನೆಯ ಲೆಕ್ಕ, ಅದರಲ್ಲಿ ನನಗೆ ಮಾತಿಲ್ಲ.

ಅನಾಟಮಿ ಪುಸ್ತಕವನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟು ಈ ಲೆಕ್ಕ ಮಾಡಿ: ರೋಗಿಗೆ 0.125 ಮಿಲಿಗ್ರಾಂ ಕೊಡಬೇಕು, ಡಬ್ಬಿಯ ಮೇಲೆ ಒಂದು ಮಾತ್ರೆಗೆ 62.5 ಮೈಕ್ರೋಗ್ರಾಂ ಎಂದಿದೆ. ಉತ್ತರವನ್ನು ಕೆಳಗೆ ಬರೆಯಿರಿ, ರಾತ್ರಿ ಪಾಳಿ ಮುಗಿಸಿ ಬಂದು ನೋಡುತ್ತೇನೆ. ಮೊದಲು ಊಹಿಸಿದ್ದೇನು ಎಂಬುದನ್ನೂ ಬರೆಯಿರಿ. ಪಕ್ಕದಲ್ಲಿ ಏಕಮಾನವಿಲ್ಲದ ಬರೀ ಸಂಖ್ಯೆ ಇದ್ದರೆ, ಅದು ಸರಿಯಾಗಿದ್ದರೂ ತಪ್ಪು ಎಂದೇ ಗುರುತು ಹಾಕುತ್ತೇನೆ.