‘ಹೋಟೆಲ್ ಕ್ಯಾಲಿಫೋರ್ನಿಯಾ’: ಆ ಸೋಲೋ ತಾನಾಗಿ ಹರಿದು ಬಂದಿದ್ದಲ್ಲ

ಯಾವ ಗಿಟಾರ್ ಕೊಳ್ಳಬೇಕು, ತಂತಿ ಯಾವಾಗ ಬದಲಾಯಿಸಬೇಕು ಅನ್ನುವ ಪ್ರಶ್ನೆಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಆದರೆ ಒಂದೇ ಹಾಡಿನ ಬಗ್ಗೆ ಇಷ್ಟೊಂದು ಜನ ಬರೆಯುವುದು ಅಮೆರಿಕದ ರಾಕ್ ತಂಡ ಈಗಲ್ಸ್‌ನ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಗ್ಗೆ ಮಾತ್ರ. ಅದರಲ್ಲೂ ಅವೇ ಪ್ರಶ್ನೆಗಳು, ಅವೇ ವಾಟ್ಸ್ಯಾಪ್ ಕಥೆಗಳು. ಗಿಟಾರ್ ಕಲಿಸುವವನಾಗಿ ನನಗೆ ಈ ಹಾಡಿನ ಮೇಲೆ ತುಂಬಾ ಪ್ರೀತಿ. ಅದಕ್ಕೇ ಸಿಟ್ಟೂ ಜಾಸ್ತಿ ಬರುತ್ತದೆ. ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರ ಕೊಡುತ್ತೇನೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಕೇಪೋ ಅಂದರೆ ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಇನ್ನೂ ತಿಳಿಯಬೇಕಾದವರು ಹತ್ತಿರದಲ್ಲಿ ಗಿಟಾರ್ ನುಡಿಸುವ ಯಾರನ್ನಾದರೂ ಕೇಳಿ.

ಪ್ರಶ್ನೆ: ಈ ಹಾಡನ್ನು ಉಲ್ಟಾ ಓಡಿಸಿದರೆ ಸೈತಾನನ ಮಾತು ಕೇಳುತ್ತದೆ ಅಂತ ವಿಡಿಯೋ ನೋಡಿದೆ. ನನ್ನ ಮಗಳು ದಿನಾ ಇದನ್ನೇ ಕೇಳುತ್ತಾಳೆ. ತೊಂದರೆ ಇದೆಯೇ? (ದಾವಣಗೆರೆ)

ಇಲ್ಲ. ಆ ವಿಡಿಯೋ ಮತ್ತೊಮ್ಮೆ ನೋಡಿ. ಮೊದಲು ಪರದೆಯ ಮೇಲೆ ಒಂದು ವಾಕ್ಯ ತೋರಿಸುತ್ತಾರೆ, ಆಮೇಲೆ ಧ್ವನಿ ಕೇಳಿಸುತ್ತಾರೆ. ಓದಿದ್ದೇ ಕಿವಿಗೆ ಬೀಳುತ್ತದೆ, ಅಷ್ಟೇ. ಕಣ್ಣು ಮುಚ್ಚಿಕೊಂಡು ಕೇಳಿದರೆ ಏನೂ ಸಿಗುವುದಿಲ್ಲ. ಆಲ್ಬಮ್ಮಿನ ಒಳಗಿನ ಫೋಟೋದಲ್ಲಿ ಸೈತಾನನ ಚರ್ಚಿನ ಸ್ಥಾಪಕ ಇಣುಕುತ್ತಿದ್ದಾನೆ, ಹಾಡಿನಲ್ಲಿರುವುದು ನಿಜವಾಗಿ ಒಂದು ಹುಚ್ಚಾಸ್ಪತ್ರೆ ಅನ್ನುವ ಕಥೆಗಳೂ ಇಂಥವೇ. ಹೆತ್ತವರ ಭಯದಿಂದ ವ್ಯೂಸ್ ಗಿಟ್ಟಿಸಿಕೊಳ್ಳುವ ಈ ಜನರ ಮೇಲೆ ನನಗೆ ಸ್ವಲ್ಪವೂ ಗೌರವವಿಲ್ಲ. ಮಗಳು ಕೇಳಲಿ. ಇಯರ್‌ಫೋನಿನ ಸದ್ದು ಮಾತ್ರ ಕಡಿಮೆ ಇಟ್ಟುಕೊಳ್ಳಲಿ. ಕಿವಿ ಕೆಟ್ಟರೆ ಸರಿಯಾಗುವುದಿಲ್ಲ, ನಿಮಗೆ ಭಯವಾಗಬೇಕಾದ್ದು ಅದರ ಬಗ್ಗೆ.

ಪ್ರಶ್ನೆ: ಕೊನೆಯಲ್ಲಿ ಎರಡು ಗಿಟಾರ್ ಸೇರಿ ನುಡಿಸುವ ಭಾಗ ಸ್ಟುಡಿಯೋದಲ್ಲಿ ಆ ಕ್ಷಣಕ್ಕೆ ಹುಟ್ಟಿದ್ದು, ಒಂದೇ ಟೇಕಿನಲ್ಲಿ ಮುಗಿದದ್ದು ಅಂತ ನಮ್ಮ ಬ್ಯಾಂಡಿನ ಗೆಳೆಯ ಹೇಳುತ್ತಾನೆ. ‘ಜಾಸ್ತಿ ಪ್ರಾಕ್ಟೀಸ್ ಮಾಡಿದರೆ ಫೀಲ್ ಹೋಗುತ್ತೆ’ ಅಂತಾನೆ. ನಿಜವೇ? ಜೊತೆಗೆ, ಹಾಡಿನ ನಿಜವಾದ ಅರ್ಥ ಏನು? (ಮೈಸೂರು)

ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ತಪ್ಪು. ಇಷ್ಟು ಮುಂಚಿತವಾಗಿ ಕೂತು ಹೆಣೆದ ಸೋಲೋ (ಹಾಡುವವರು ನಿಂತಾಗ ಗಿಟಾರ್ ಮುಂದೆ ಬರುವ ಭಾಗ) ರಾಕ್ ಸಂಗೀತದಲ್ಲಿ ಅಪರೂಪ.

ಇದು ಶುರುವಾಗಿದ್ದು ಲಾಸ್ ಏಂಜಲಿಸ್ ಹತ್ತಿರದ ಮಾಲಿಬುವಿನಲ್ಲಿ, ಕಡಲ ದಂಡೆಯ ಒಂದು ಬಾಡಿಗೆ ಮನೆಯಲ್ಲಿ. ತಂಡದ ಗಿಟಾರ್ ವಾದಕ ಡಾನ್ ಫೆಲ್ಡರ್ 12 ತಂತಿಯ ಗಿಟಾರ್ ಹಿಡಿದು ಸುಮ್ನೆ ಕೂತಿದ್ದಾಗ ಈ ಕಾರ್ಡುಗಳ ಸಾಲು ಕೈಗೆ ಸಿಕ್ಕಿತು. ಅಷ್ಟು ಮಾತ್ರ ತಾನಾಗಿ ಬಂದಿದ್ದು. ಮುಂದಿನದೆಲ್ಲ ದುಡಿಮೆ. ಮನೆಯಲ್ಲಿದ್ದ ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರಿನಲ್ಲಿ, ಡ್ರಮ್ ಮಷೀನ್ ಹಾಕಿಕೊಂಡು, ಗಿಟಾರ್ ಬೇಸ್ ಎಲ್ಲವನ್ನೂ ತಾವೇ ಒಂದರ ಮೇಲೊಂದು ನುಡಿಸಿ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಮಾಡಿದರು. ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್ ಆಗಷ್ಟೇ ತಂಡಕ್ಕೆ ಸೇರಿದ್ದರು. ತಾವಿಬ್ಬರೂ ಜೊತೆಯಾಗಿ ನುಡಿಸಿದರೆ ಹೇಗಿರಬೇಕು ಅಂತ ಊಹಿಸಿಕೊಂಡು, ಕೊನೆಯ ಜೋಡಿ ಗಿಟಾರಿನ ಭಾಗವನ್ನೂ ಫೆಲ್ಡರ್ ಆ ಡೆಮೊದಲ್ಲೇ ಇಟ್ಟಿದ್ದರು. ಬೇರೆ ಹಲವು ತುಣುಕುಗಳ ಜೊತೆ ಇದನ್ನೂ ಕ್ಯಾಸೆಟ್ಟಿಗೆ ಹಾಕಿ ತಂಡದವರಿಗೆ ಕೊಟ್ಟರು. ತಂಡದ ಡ್ರಮ್ಮರ್, ಈ ಹಾಡಿನ ಗಾಯಕ ಡಾನ್ ಹೆನ್ಲಿ ಇದನ್ನು ಆರಿಸಿಕೊಂಡರು. ಹಾಡಿಗೆ ಆಗ ಹೆಸರಿರಲಿಲ್ಲ. ತಾಳದ ನಡೆ ಕೇಳಿ ‘ಮೆಕ್ಸಿಕನ್ ರೆಗೆ’ ಅಂತ ಕರೆಯುತ್ತಿದ್ದರು (ರೆಗೆ ಅಂದರೆ ಜಮೈಕಾದ ಸಂಗೀತ ಶೈಲಿ). ಹಿನ್ನೆಲೆಯ ಗಿಟಾರ್ ಒಮ್ಮೆ ಗಮನ ಕೊಟ್ಟು ಕೇಳಿ, ಆ ರೆಗೆ ಈಗಲೂ ಹಾಗೇ ಇದೆ.

ಆಮೇಲೆ ಶ್ರುತಿಯ ತೊಂದರೆ. ಫೆಲ್ಡರ್ ಕಟ್ಟಿದ್ದು ಇ ಮೈನರಿನಲ್ಲಿ. ಅದು ಹೆನ್ಲಿಯವರ ಗಂಟಲಿಗೆ ಹೊಂದಲಿಲ್ಲ. ಕೊನೆಗೆ ಬಿ ಮೈನರಿಗೆ ಬಂದು ನಿಂತರು. ಬೆರಳಿನ ಶೇಪ್ ಇ ಮೈನರಿನದ್ದೇ ಇರಲಿ ಅಂತ ಫೆಲ್ಡರ್ 12 ತಂತಿಯ ಗಿಟಾರಿಗೆ 7ನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ) ಕೇಪೋ ಹಾಕಿದರು. ಹಾಡಿನ ಶುರುವಿನಲ್ಲಿ ಕೇಳುವ ಆ ಗಾಜಿನಂಥ ಸಣ್ಣ ಸದ್ದು ಬಂದದ್ದು ಹೀಗೆ. ಗಾಯಕರ ಅನುಕೂಲಕ್ಕೆ ಮಾಡಿಕೊಂಡ ಬದಲಾವಣೆ ಹಾಡಿನ ಗುರುತೇ ಆಯಿತು.

ಈಗ ನಿಮ್ಮ ಗೆಳೆಯ ಕೇಳಲೇಬೇಕಾದ ಭಾಗ. ಕೊನೆಯ ರೆಕಾರ್ಡಿಂಗ್ ನಡೆದದ್ದು ಅಮೆರಿಕದ ಇನ್ನೊಂದು ಕರಾವಳಿಯಲ್ಲಿ, ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ. ಫೆಲ್ಡರ್ ಮತ್ತು ವಾಲ್ಶ್ ಸೋಲೋ ಭಾಗಕ್ಕೆ ಬಂದಾಗ ನಿಮ್ಮ ಗೆಳೆಯ ಹೇಳುವಂತೆಯೇ ಮಾಡಲು ಹೊರಟರು, ಆ ಕ್ಷಣಕ್ಕೆ ತೋಚಿದ್ದು ನುಡಿಸುತ್ತಾ ಹೋದರು. ಹೆನ್ಲಿ ನಿಲ್ಲಿಸಿದರು. ಹೀಗಲ್ಲ, ಡೆಮೊದಲ್ಲಿ ಇದ್ದ ಹಾಗೇ ಬೇಕು ಅಂದರು. ಡೆಮೊ ಮಾಡಿ ತಿಂಗಳುಗಳೇ ಆಗಿದ್ದವು, ಫೆಲ್ಡರಿಗೆ ತಾವೇ ನುಡಿಸಿದ್ದು ನೆನಪಿರಲಿಲ್ಲ. ಕ್ಯಾಸೆಟ್ ಮಾಲಿಬುವಿನ ಮನೆಯಲ್ಲಿತ್ತು. ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಫೋನ್ ಮಾಡಿದರು. ಆಕೆ ಕ್ಯಾಸೆಟ್ ಹುಡುಕಿ, ಪ್ಲೇಯರಿಗೆ ಹಾಕಿ, ರಿಸೀವರನ್ನು ಅದರ ಮುಂದೆ ಹಿಡಿದರು. ಇತ್ತ ಮಯಾಮಿಯಲ್ಲಿ ಫೋನಿನಿಂದ ಬಂದದ್ದನ್ನು ರೆಕಾರ್ಡ್ ಮಾಡಿಕೊಂಡು, ಕೂತು, ತಮ್ಮದೇ ಸೋಲೋವನ್ನು ಫೆಲ್ಡರ್ ಮತ್ತೆ ಕಲಿತರು. ತಾನೇ ಮಾಡಿದ ಸೋಲೋವನ್ನು ಮೊದಲಿನಿಂದ ಕಲಿಯುವ ತಾಳ್ಮೆ ಅವರಿಗಿತ್ತು. ನಿಮ್ಮ ಬ್ಯಾಂಡಿಗೂ ಇರಲಿ.

ಒಂದೇ ಟೇಕ್ ಅಂದಿರಿ. ನಿರ್ಮಾಪಕ ಬಿಲ್ ಸಿಮ್‌ಜಿಕ್ ಹಲವು ಟೇಕುಗಳಿಂದ ಒಳ್ಳೆಯ ಭಾಗಗಳನ್ನು ಆರಿಸಿ ಈ ಹಾಡನ್ನು ಜೋಡಿಸಿದ್ದಾರೆ. ಕಂಪ್ಯೂಟರಿನಲ್ಲಿ ಅಲ್ಲ. ಎರಡು ಇಂಚು ಅಗಲದ ಮಾಸ್ಟರ್ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ. ಅಂಥ ಜೋಡಣೆಗಳು 33. ಒಂದು ಕಡೆ ಕೈ ತಪ್ಪಿದರೂ ಟೇಪ್ ಹಾಳು. ಇಷ್ಟಾದರೂ ಹಾಡಿನಲ್ಲಿ ಎಲ್ಲೂ ಅಂಟು ಕಾಣುವುದಿಲ್ಲ, ಅಲ್ವಾ? ಫೀಲ್ ಅಂತ ನಿಮ್ಮ ಗೆಳೆಯ ಯಾವುದನ್ನು ಮೆಚ್ಚಿಕೊಂಡಿದ್ದಾನೋ ಅದು ಈ ಕೆಲಸದಿಂದಲೇ ಹುಟ್ಟಿದ್ದು.

ಬೇಕಾದ್ದು ನುಡಿಸಿದರೆ ಈ ಸೋಲೋ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಕಾರಣ ಕಾರ್ಡುಗಳಲ್ಲೇ ಇದೆ. ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ನನ್ನ ಹತ್ತಿರ ಬರುವ ಹುಡುಗರು ಇಡೀ ಸೋಲೋವನ್ನು ಬಿ ಮೈನರಿನ ಒಂದೇ ಸ್ಕೇಲಿನಲ್ಲಿ ತಳ್ಳಿಬಿಡುತ್ತಾರೆ. ಎರಡನೇ ಕಾರ್ಡಿಗೇ ಸಿಕ್ಕಿಬೀಳುತ್ತಾರೆ. ಎಫ್ ಶಾರ್ಪಿಗೆ ಎ ಶಾರ್ಪ್ ಬೇಕು, ಮರುಕ್ಷಣ ಎ ಕಾರ್ಡಿಗೆ ಬರೀ ಎ ಬೇಕು. ಇ ಕಾರ್ಡಿನಲ್ಲಿ ಜಿ ಶಾರ್ಪ್ ಇದೆ, ಅದರ ಬೆನ್ನಿಗೇ ಜಿ ಬರುತ್ತದೆ. ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಬಿ ಸ್ವರವನ್ನು ಷಡ್ಜ ಮಾಡಿಕೊಳ್ಳಿ. ಕಾಕಲಿ ನಿಷಾದ ಮತ್ತು ಕೈಶಿಕಿ ನಿಷಾದ ಎರಡೂ ಬರುತ್ತವೆ, ಚತುಶ್ರುತಿ ಧೈವತ ಮತ್ತು ಶುದ್ಧ ಧೈವತ ಎರಡೂ ಬರುತ್ತವೆ, ಪ್ರತಿಯೊಂದೂ ತನ್ನ ಜಾಗದಲ್ಲಿ ಮಾತ್ರ. ಫೆಲ್ಡರ್ ಮತ್ತು ವಾಲ್ಶ್ ಕೊನೆಗೆ ಜೊತೆಯಾಗಿ ನುಡಿಸುವಾಗ ಕಾರ್ಡಿನ ಸ್ವರಗಳನ್ನೇ ಬಿಡಿಸಿ, ಒಂದು ಗಿಟಾರ್ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ, ಸರಪಳಿಯ ಹಾಗೆ ಇಳಿಯುತ್ತಾ ಹೋಗುತ್ತಾರೆ. ಕಾರ್ಡ್ ಬದಲಾದ ಕೂಡಲೇ ಇಬ್ಬರ ಬೆರಳೂ ಬದಲಾಗಬೇಕು. ಇದನ್ನು ಆ ಕ್ಷಣದ ಸ್ಫೂರ್ತಿಗೆ ಬಿಡಲು ಆಗುವುದಿಲ್ಲ.

ಇನ್ನು ಅರ್ಥ. ಸಾಹಿತ್ಯ ಬರೆದವರು ಹೆನ್ಲಿ ಮತ್ತು ತಂಡದ ಇನ್ನೊಬ್ಬ ಗಾಯಕ ಗ್ಲೆನ್ ಫ್ರೈ. ಹೆನ್ಲಿ ಟೆಕ್ಸಸ್ಸಿನ ಸಣ್ಣ ಊರಿನವರು, ಫ್ರೈ ಡೆಟ್ರಾಯಿಟ್ ಕಡೆಯವರು, ಫೆಲ್ಡರ್ ಫ್ಲಾರಿಡಾದವರು. ಹೊರಗಿನಿಂದ ಲಾಸ್ ಏಂಜಲಿಸ್‌ಗೆ ಬಂದು, ಹಾಡಿ, ಗೆದ್ದವರು. ಆಲ್ಬಮ್ ಬಂದದ್ದು 1976ರ ಡಿಸೆಂಬರಿನಲ್ಲಿ, ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬಿದ ವರ್ಷ. ಅಷ್ಟರಲ್ಲಿ ದುಡ್ಡು, ಪಾರ್ಟಿ, ಡ್ರಗ್ಸ್ ಎಲ್ಲವನ್ನೂ ಅವರು ಒಳಗಿನಿಂದಲೇ ಕಂಡಿದ್ದರು. ಮುಗ್ಧತೆಯಿಂದ ಅನುಭವದ ಕಡೆಗಿನ ಪಯಣ ಅಂತ ಹೆನ್ಲಿ ಈ ಹಾಡಿನ ಬಗ್ಗೆ ಎಷ್ಟೋ ಸಲ ಹೇಳಿದ್ದಾರೆ. ಅತಿಯಾದ ಸುಖ ಮನುಷ್ಯನನ್ನು ಏನು ಮಾಡುತ್ತದೆ ಅನ್ನುವ ಹಾಡು. ದಣಿದ ಪ್ರಯಾಣಿಕನೊಬ್ಬ ರಾತ್ರಿ ದೂರದ ಬೆಳಕು ನೋಡಿ ಒಳಗೆ ಹೋಗುತ್ತಾನೆ, ಆಮೇಲೆ ಹೊರಗೆ ಬರಲಾಗುವುದಿಲ್ಲ. ಬರೆದವರೇ ಇಷ್ಟು ಬಿಚ್ಚಿ ಹೇಳಿದ ಮೇಲೂ ಗುಟ್ಟು ಹುಡುಕುತ್ತಾ ಕೂರುವುದು ನನಗೆ ಅರ್ಥವಾಗುವುದಿಲ್ಲ.

ಗಿಟಾರಿನಲ್ಲಿ ಇದೇ ಕಥೆ ಇನ್ನೂ ಚೆನ್ನಾಗಿ ಇದೆ. ಮೇಲಿನ ಎಂಟು ಕಾರ್ಡುಗಳನ್ನು ಮತ್ತೊಮ್ಮೆ ನೋಡಿ. ಮೊದಲ ಆರು, ಎರಡೆರಡರ ಮೂರು ಜೋಡಿ. ಪ್ರತಿ ಜೋಡಿಯಲ್ಲೂ ಅದೇ ಜಿಗಿತ, ಪ್ರತಿ ಜೋಡಿಯೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಇಳಿದು ಇಳಿದು ಕೊನೆಗೆ ಎಫ್ ಶಾರ್ಪಿಗೆ ಬರುತ್ತದೆ. ಆ ಕಾರ್ಡಿನ ಮೇಲೆ ಕಿವಿ ನಿಲ್ಲುವುದಿಲ್ಲ, ಮತ್ತೆ ಬಿ ಮೈನರಿಗೆ, ಅಂದರೆ ಶುರುವಿಗೇ ಎಳೆಯುತ್ತದೆ. ಪಲ್ಲವಿಯೂ ಕೊನೆಗೆ ಬಂದು ನಿಲ್ಲುವುದು ಅದೇ ಎಫ್ ಶಾರ್ಪಿನ ಮೇಲೆ. ಸೋಲೋ ಪೂರ್ತಿ ಸುತ್ತುವುದು ಇವೇ ಎಂಟು ಕಾರ್ಡುಗಳಲ್ಲಿ. ರೆಕಾರ್ಡಿನಲ್ಲಿ ಹಾಡು ಮುಗಿಯುವುದೂ ಇಲ್ಲ, ಎರಡೂ ಗಿಟಾರ್ ಸುತ್ತುತ್ತಿರುವಾಗಲೇ ಸದ್ದು ಇಳಿಸಿಬಿಟ್ಟಿದ್ದಾರೆ. ಒಳಗೆ ಹೋದವನಿಗೆ ಬಾಗಿಲು ಸಿಗುವುದಿಲ್ಲ ಅನ್ನುವುದನ್ನು ಮಾತು ನಿಂತ ಮೇಲೆ ಎರಡು ನಿಮಿಷ ಗಿಟಾರೇ ಹೇಳುತ್ತದೆ. ಇಂಗ್ಲಿಷ್ ಒಂದಕ್ಷರ ಬಾರದವರೂ ಈ ಹಾಡಿಗೆ ಸೋಲುವುದು ಇದಕ್ಕೇ ಅಂತ ನನ್ನ ಬಲವಾದ ನಂಬಿಕೆ.

ಪ್ರಶ್ನೆ: ನಾವು ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೇವೆ. ರಜೆಯಲ್ಲಿ ಆ ಹೋಟೆಲ್ಲಿಗೆ ಹೋಗಬೇಕು. ಎಲ್ಲಿದೆ?

ಎಲ್ಲೂ ಇಲ್ಲ. ಆಲ್ಬಮ್ಮಿನ ಮುಖಪುಟದಲ್ಲಿರುವುದು ಬೆವರ್ಲಿ ಹಿಲ್ಸ್ ಹೋಟೆಲ್, ಬೇಕಿದ್ದರೆ ಅದನ್ನು ಹೊರಗಿನಿಂದ ನೋಡಿ. ಮೆಕ್ಸಿಕೋದ ತೋದೋಸ್ ಸಾಂತೋಸ್ ಊರಿನಲ್ಲಿ ಇದೇ ಹೆಸರಿನ ಹೋಟೆಲ್ ಇದೆ. ಅದರ ಮೇಲೆ ಈಗಲ್ಸ್ 2017ರಲ್ಲಿ ಕೇಸ್ ಹಾಕಿದ್ದರು, ಮರುವರ್ಷ ರಾಜಿಯಾಯಿತು. ಹಾಡು ಹುಟ್ಟಿದ ಜಾಗ ಅಂತ ಹೇಳಿ ಟೂರ್ ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಇದು ಬ್ರಿಟನ್ನಿನ ಜೆತ್ರೋ ಟಲ್ ತಂಡದ ಹಾಡಿನ ಕಾಪಿಯಂತೆ?

ಅವರ 1969ರ ಒಂದು ಹಾಡಿನ ಕಾರ್ಡುಗಳ ಸಾಲು ಇದನ್ನು ಹೋಲುತ್ತದೆ. ಅದನ್ನು ಬರೆದ ಇಯಾನ್ ಆಂಡರ್ಸನ್ ಅವರೇ ಕಳ್ಳತನ ಅಂದಿಲ್ಲ. ಅವರಿಗಿಲ್ಲದ ದೂರು ನಮಗೇಕೆ?

ಪ್ರಶ್ನೆ: ‘7 ದಿನದಲ್ಲಿ ಹೋಟೆಲ್ ಕ್ಯಾಲಿಫೋರ್ನಿಯಾ ಸೋಲೋ’ ಅನ್ನುವ ಆನ್‌ಲೈನ್ ಕೋರ್ಸ್ ಸೇರಬಹುದೇ? ಗಿಟಾರ್ ಹಿಡಿದು ಮೂರು ತಿಂಗಳಾಯಿತು. (ಶಿವಮೊಗ್ಗ)

ಬೇಡ. ಏಳು ದಿನದಲ್ಲಿ ಬರುವುದು ಬೆರಳು ನೋವು ಮಾತ್ರ. ಮೂರು ತಿಂಗಳಿಗೆ ಸರಿಯಾಗಿ ಬೆಂಡ್ ಮಾಡಲು, ಅಂದರೆ ತಂತಿಯನ್ನು ಬೆರಳಿನಿಂದ ತಳ್ಳಿ ಸ್ವರ ಏರಿಸಲು, ಬರುವುದಿಲ್ಲ. ಬೆಂಡ್ ಮಾಡಿದ ತಂತಿ ಅರ್ಧ ದಾರಿಯಲ್ಲಿ ನಿಂತರೆ ಅಪಸ್ವರ. ಮೊದಲು ಎಂಟು ಕಾರ್ಡುಗಳನ್ನು ತಾಳ ತಪ್ಪದೆ ನುಡಿಸಿ. ಆಮೇಲೆ ಇನ್ನೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಕೊನೆಯ ಜೋಡಿ ಭಾಗವನ್ನು ಅರ್ಧ ವೇಗದಲ್ಲಿ ಕಲಿಯಿರಿ. ಬೆಂಡ್ ಇರುವ ಭಾಗಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಕೌಸ್ಟಿಕ್ ಗಿಟಾರಿನ ದಪ್ಪ ತಂತಿಯ ಮೇಲೆ ಅವನ್ನು ಪ್ರಯತ್ನಿಸಬೇಡಿ, ಸಣ್ಣ ತಂತಿ ಹಾಕಿದ ಎಲೆಕ್ಟ್ರಿಕ್ ಇರಲಿ. ಮಣಿಕಟ್ಟು ನೋಯಲು ಶುರುವಾದರೆ ಅವತ್ತಿಗೆ ನಿಲ್ಲಿಸಿ. ನೋವು ತಡೆದುಕೊಂಡೇ ನುಡಿಸಿ ಅನ್ನುವ ಮೇಷ್ಟ್ರು ಸಿಕ್ಕರೆ, ಮೇಷ್ಟ್ರನ್ನೇ ಬದಲಾಯಿಸಿ. ಈ ಹಾಡಿಗಾಗಿಯೇ 12 ತಂತಿಯ ಗಿಟಾರ್ ಕೊಳ್ಳುವುದೂ ಬೇಡ. ಅಗ್ಗದ ಗಿಟಾರಿಗೆ 7ನೇ ಫ್ರೆಟ್ಟಿನಲ್ಲಿ ಕೇಪೋ ಹಾಕಿದರೆ ಶ್ರುತಿ ನಿಲ್ಲುವುದಿಲ್ಲ.

ಪ್ರಶ್ನೆ: ಸ್ಪೀಕರ್ ಅಂಗಡಿಗಳಲ್ಲಿ ಹಾಕುವ, ಚಪ್ಪಾಳೆಯಿಂದ ಶುರುವಾಗುವ ಹಾಡು ಇದೇನಾ?

ಹಾಡು ಇದೇ, ಆದರೆ ಅದು 1994ರಲ್ಲಿ ತಂಡ ಮತ್ತೆ ಒಂದಾದಾಗ ಅಕೌಸ್ಟಿಕ್ ಗಿಟಾರುಗಳಲ್ಲಿ ಜನರ ಮುಂದೆ ನುಡಿಸಿದ್ದು.

ಪ್ರಶ್ನೆ: ಕಾಲೇಜ್ ಫೆಸ್ಟಿನಲ್ಲಿ ನಮಗೆ ನಾಲ್ಕೇ ನಿಮಿಷ ಕೊಟ್ಟಿದ್ದಾರೆ. ಸೋಲೋ ಕಟ್ ಮಾಡಿ ನುಡಿಸಬಹುದೇ? (ಹುಬ್ಬಳ್ಳಿ)

ಆರೂವರೆ ನಿಮಿಷದ ಈ ಹಾಡನ್ನು ರೇಡಿಯೋಗಾಗಿ ಚಿಕ್ಕದು ಮಾಡಿ ಅಂತ ರೆಕಾರ್ಡ್ ಕಂಪನಿಯೂ ಕೇಳಿತ್ತು. ಹೆನ್ಲಿ ಒಪ್ಪಲಿಲ್ಲ. ಇಷ್ಟು ಉದ್ದದ್ದು ಸಿಂಗಲ್ ಆಗಿ ಓಡುವುದಿಲ್ಲ ಅಂತ ಸ್ವತಃ ಫೆಲ್ಡರಿಗೇ ಅನ್ನಿಸಿತ್ತು. 1977ರ ಮೇ ತಿಂಗಳಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು, ಆ ವರ್ಷದ ರೆಕಾರ್ಡ್ ಅಂತ ಗ್ರ್ಯಾಮಿಯೂ ಬಂತು. ಆಯೋಜಕರನ್ನು ಇನ್ನೊಂದು ಮೂರು ನಿಮಿಷ ಕೇಳಿ. ಕೊಡದಿದ್ದರೆ ಬೇರೆ ಹಾಡು ನುಡಿಸಿ.