ಅಕ್ಕಚ್ಚು ಚೆಲ್ಲಬೇಡ

ನಿನ್ನ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ನಾನು ಬಂದ ಹೊಸದು ನೆನಪಾಯಿತು. ನೀನು ಕೇಳಿದ್ದು ಇಷ್ಟು: "ಅಕ್ಕಾ, ವಿಯೆನ್ನಾದಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಆಸ್ಪತ್ರೆಯವರದ್ದೇ ಹಾಸ್ಟೆಲ್. ರೂಮು ಬೇರೆ ಬೇರೆ, ಅಡುಗೆಮನೆ ಮಾತ್ರ ಮೂವರಿಗೆ ಒಂದೇ. ಉಳಿದ ಇಬ್ಬರೂ ಫಿಲಿಪೀನ್ಸ್‌ನವರಂತೆ. ನಾವು ಸಾಗರದ ಕಡೆಯವರು, ಮೊಟ್ಟೆ ಕೂಡ ತಿನ್ನುವುದಿಲ್ಲ. ಹೊಂದಿಕೊಂಡು ಇರಲು ಆಗುತ್ತಾ? ರೂಮು ಬದಲಾಯಿಸಿ ಕೊಡಿ ಅಂತ ಈಗಲೇ ಕೇಳಲಾ?"

ಕೇಳಬೇಡ ಮಾರಾಯ್ತಿ. ಅದೃಷ್ಟ ತಾನಾಗಿ ಬಂದಿದೆ, ಸುಮ್ನೆ ಕಳೆದುಕೊಳ್ಳಬೇಡ.

ನಾನು ಕುಂದಾಪುರದವಳು. ಇಲ್ಲಿಗೆ ಬಂದು 14 ವರ್ಷ. ಮೊದಲ ಐದು ವರ್ಷ ಒಬ್ಬ ಫಿಲಿಪಿನೋ ನರ್ಸ್ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿದವಳು. ಈಗಲೂ ಅವರ ಮನೆ ನಮ್ಮ ಮನೆಯಿಂದ ಎರಡೇ ಟ್ರಾಮ್ ಸ್ಟಾಪ್. ಎಲ್ಲರೂ ಅವರನ್ನು ಆತೆ ಅನ್ನುತ್ತಾರೆ. ಅವರ ಭಾಷೆಯಲ್ಲಿ ಆತೆ ಅಂದರೆ ಅಕ್ಕ. ನಾನು ಊರಿಗೆ ಫೋನ್ ಮಾಡಿ "ಆತೆ ಬಡಿಸಿದರು, ಆತೆ ಬೈದರು" ಅಂದಾಗ ನಮ್ಮ ಅಮ್ಮನಿಗೆ ಗಾಬರಿ. ನಮಗೆ ಹೇಳದೆ ಮದುವೆ ಮಾಡಿಕೊಂಡೆಯಾ, ಯಾವ ಅತ್ತೆಯೇ ನಿನಗೆ ಅಲ್ಲಿ!

ನಮಗಿಂತ ತುಂಬಾ ಮೊದಲೇ ಅವರು ಇಲ್ಲಿಗೆ ಬಂದವರು. 1970ರ ದಶಕದಲ್ಲೇ ವಿಯೆನ್ನಾ ನಗರ ಫಿಲಿಪೀನ್ಸ್‌ನಿಂದ ನರ್ಸ್‌ಗಳನ್ನು ಕರೆಸಿಕೊಂಡಿತ್ತು. ಆಗ ಬಂದವರು ನಿವೃತ್ತಿಯಾಗಿ, ಮೊಮ್ಮಕ್ಕಳ ಹತ್ತಿರ ಅಪ್ಪಟ ವಿಯೆನ್ನಾ ಜರ್ಮನ್‌ನಲ್ಲಿ ಜಗಳ ಆಡುತ್ತಿದ್ದಾರೆ. ಹಾಗಾಗಿ ನಿನಗೆ ಬರುವ ಕಷ್ಟಗಳಲ್ಲಿ ಹೆಚ್ಚಿನವು ಅವರಲ್ಲಿ ಯಾರಿಗಾದರೂ ಬಂದು ಹೋಗಿರುತ್ತವೆ. ಮನೆ ಸೇರಿದ ಮೂರು ದಿನದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಭಾನುವಾರ ಅಂಗಡಿ ಬಂದ್, ಶನಿವಾರ ಸಂಜೆ 6ಕ್ಕೇ ಬಾಗಿಲು. ತೀರಾ ಹಾಲಿಲ್ಲ ಅಂದರೆ ಪ್ರಾಟರ್‌ಷ್ಟರ್ನ್ ರೈಲು ನಿಲ್ದಾಣದ ಅಂಗಡಿಗೆ ಭಾನುವಾರವೂ ಹೋಗಬಹುದು. ಇದನ್ನೆಲ್ಲ ನನಗೆ ಹೇಳಿದ್ದು ಆಫೀಸಿನವರಲ್ಲ, ಆತೆ. ಸೌಟು ತಿರುಗಿಸುತ್ತಾ ಹೇಳಿದ್ದು.

ಮೊದಲ ಜನವರಿಯಲ್ಲಿ ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಬಂದೆ. ರಾತ್ರಿ ಇಬ್ಬರು ರೋಗಿಗಳು ತೀರಿಕೊಂಡಿದ್ದರು. ಬೆಳಗ್ಗೆ ಏಳು ಗಂಟೆ ದಾಟಿದ್ದರೂ ಹೊರಗೆ ಕತ್ತಲು. ಶೂ ಬಿಚ್ಚಲೂ ಶಕ್ತಿ ಇರಲಿಲ್ಲ. ಆತೆ ಒಲೆ ಮುಂದೆ ನಿಂತಿದ್ದರು. ತಿರುಗಿ ನೋಡದೆ ಕೇಳಿದರು: "ಕುಮಾಯಿನ್ ಕಾ ನಾ?" ನನಗೆ ಅರ್ಥ ಆಗಲಿಲ್ಲ. ಇಂಗ್ಲಿಷ್‌ನಲ್ಲಿ ಕೇಳಿದರು. ನಮ್ಮ "ಊಟ ಆಯ್ತಾ?" ಅಷ್ಟೇ ಅದು! ಆಸ್ಪತ್ರೆಯಲ್ಲಿ ತಿಂಗಳಿಡೀ "ಹೇಗಿದ್ದೀರಿ" ಅಂತ ಕೇಳುವವರನ್ನು ನೋಡಿ ನೋಡಿ ಸಾಕಾಗಿತ್ತು. ನಿಂತಲ್ಲೇ ಅತ್ತುಬಿಟ್ಟೆ.

ಅವತ್ತು ಅವರು ಮಾಡಿದ್ದು ಸಿನಾಂಗಾಗ್. ನಿನ್ನೆಯ ತಂಗಳನ್ನ. ಕೈ ಒದ್ದೆ ಮಾಡಿಕೊಂಡು ಅನ್ನದ ಗಟ್ಟಿ ಬಿಡಿಸುತ್ತಾರೆ. ಬೆಳ್ಳುಳ್ಳಿಯನ್ನು ಚಾಕುವಿನ ಅಡ್ಡಕ್ಕೆ ಒತ್ತಿ ಜಜ್ಜಿ, ಸಣ್ಣಗೆ ಕೊಚ್ಚಿ, ತಣ್ಣನೆ ಎಣ್ಣೆಗೇ ಹಾಕಿ ಆಮೇಲೆ ಒಲೆ ಹಚ್ಚುತ್ತಾರೆ. ಹಾಗೆ ಮಾಡಿದರೆ ಸೀಯದೆ ನಿಧಾನಕ್ಕೆ ಹೊಂಬಣ್ಣಕ್ಕೆ ಬರುತ್ತದಂತೆ. ಅರ್ಧ ತೆಗೆದಿಟ್ಟು, ಉಳಿದರ್ಧಕ್ಕೆ ಅನ್ನ, ಉಪ್ಪು. ಕೊನೆಗೆ ತೆಗೆದಿಟ್ಟದ್ದು ಮೇಲೆ. ಅಷ್ಟೇ. ಬೆಳ್ಳುಳ್ಳಿ ತಿನ್ನುತ್ತೀಯಾದರೆ ನಿನ್ನ ಮೊದಲ ಫಿಲಿಪಿನೋ ತಿಂಡಿ ಇದೇ ಆಗಲಿ. ಅವರಾದರೆ ಪಕ್ಕಕ್ಕೊಂದು ಮೊಟ್ಟೆ ಇಡುತ್ತಾರೆ, ನೀನು ಮಿಡಿ ಉಪ್ಪಿನಕಾಯಿ ಇಟ್ಟುಕೋ.

ಅನ್ನದ ವಿಷಯಕ್ಕೆ ಬಂದರೆ ಅವರೂ ನಾವೂ ಒಂದೇ. ಇಲ್ಲಿಯವರಿಗೆ ಎಲ್ಲಾ ಒಂದೇ ಪದ, ರೈಸ್. ಗದ್ದೆಯಲ್ಲಿದ್ದರೂ ರೈಸ್, ಚೀಲದಲ್ಲಿದ್ದರೂ ರೈಸ್, ತಟ್ಟೆಯಲ್ಲಿದ್ದರೂ ರೈಸ್. ಆತೆಯ ಭಾಷೆಯಲ್ಲಿ ಪಾಲಾಯ್ ಅಂದರೆ ಭತ್ತ, ಬಿಗಾಸ್ ಅಂದರೆ ಅಕ್ಕಿ, ಕಾನಿನ್ ಅಂದರೆ ಅನ್ನ. ನೀರಿನ ಅಳತೆಯೂ ಬೆರಳಿನ ಗೆಣ್ಣಿನಲ್ಲೇ. ತಳ ಹಿಡಿದ ಅನ್ನಕ್ಕೂ ಅವರಲ್ಲಿ ಬೇರೆ ಹೆಸರಿದೆ, ಅದಕ್ಕೆ ಮಕ್ಕಳು ಜಗಳ ಆಡುತ್ತಾರಂತೆ. ಮಾತಿನಲ್ಲಿ ನಮ್ಮ ಪದಗಳೂ ಅಲ್ಲಲ್ಲಿ ಇಣುಕುತ್ತವೆ. ಮುಖಕ್ಕೆ ಮುಖಾ, ಟೀಚರ್‌ಗೆ ಗುರೋ. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಈಗ ತಲೆಬರಹದ ಕತೆ. ಒಂದು ದಿನ ಅಕ್ಕಿ ತೊಳೆದು ಅಕ್ಕಚ್ಚು ಸಿಂಕಿಗೆ ಸುರಿಯುತ್ತಿದ್ದೆ. ನಮ್ಮಲ್ಲಾದರೆ ದನಕ್ಕೆ ಇಡುತ್ತೇವೆ, ಇಲ್ಲಿ ದನ ಎಲ್ಲಿದೆ? ಆತೆ ಓಡಿ ಬಂದು ಪಾತ್ರೆ ಕಿತ್ತುಕೊಂಡರು. ಮೊದಲನೇ ನೀರು ಚೆಲ್ಲಬಹುದು, ಎರಡನೆಯದು ಸಾರಿಗೆ ಬೇಕು ಅಂದರು. ಆ ನೀರಿಗೆ ಟೊಮೆಟೊ, ಈರುಳ್ಳಿ, ಕೆಸುವಿನ ಗೆಡ್ಡೆ ಹಾಕಿ ಕುದಿಸಿದರು. ಗೆಡ್ಡೆ ಬೆಂದು ಅಂಚು ಕರಗುವ ಹೊತ್ತಿಗೆ ಮೂಲಂಗಿ, ಅಲಸಂದೆ, ಇಡೀ ಹಸಿಮೆಣಸು. ಆಮೇಲೆ ಹುಣಸೆಹುಳಿ. ಅವರು ಅದಕ್ಕೆ ಮೀನು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾಲ್ಮನ್ ತಲೆಯನ್ನೂ ಹಾಕುತ್ತಾರೆ, ಅದು ನಿನಗೆ ಬೇಡ. ಇದೇ ಸಿನಿಗಾಂಗ್. ನಿಮ್ಮ ಅಪ್ಪೆಹುಳಿಗೆ ದೂರದ ನೆಂಟ ಅಂದುಕೋ. ತೆಳ್ಳಗೆ, ಬಿಸಿಬಿಸಿ, ಮೂಗು ಬಿಚ್ಚುವಷ್ಟು ಹುಳಿ. ಒಗ್ಗರಣೆ ಇಲ್ಲ. ಅಕ್ಕಚ್ಚಿನಿಂದ ಸಾರಿಗೆ ಸ್ವಲ್ಪ ಮೈ ಬರುತ್ತದೆ, ಬೇಳೆ ಇಲ್ಲದಿದ್ದರೂ ನೀರುನೀರು ಅನ್ನಿಸುವುದಿಲ್ಲ. ಹುಳಿಗೆ ಅವರು ಹುಣಸೆಯನ್ನೇ ನೆಚ್ಚಿಕೊಂಡಿಲ್ಲ. ಮಾವಿನಕಾಯಿ, ಸೀಬೆಹಣ್ಣು, ಮತ್ತೆ ಕಮಿಯಾಸ್. ಕಮಿಯಾಸ್ ಏನು ಅಂತ ಫೋಟೋ ತೋರಿಸಿದಾಗ ನೋಡಿದರೆ ನಮ್ಮ ಹಿತ್ತಲಿನ ಬಿಂಬುಳಿ!

ಆದರೆ ನಿನಗೆ ಸುಳ್ಳು ಹೇಳಬಾರದು. ಮೊಟ್ಟೆಯೂ ತಿನ್ನದವರಿಗೆ ಅವರ ಅಡುಗೆ ಕಷ್ಟವೇ. ಗುಲಾಯ್ ಅಂದರೆ ತರಕಾರಿ ಅಂತ ಅರ್ಥ. ಬರೀ ತರಕಾರಿ ಅಂತ ನಂಬಿ ಬಡಿಸಿಕೊಂಡರೆ ಅದರಲ್ಲಿ ಸಿಗಡಿ ಹುದುಗಿಸಿ ಮಾಡಿದ ಬಗೊಓಂಗ್ ಇರುತ್ತದೆ. ಕಣ್ಣಿಗೆ ಕಾಣಿಸುವುದೇ ಇಲ್ಲ. ಪತೀಸ್ ಅನ್ನುವ ಮೀನಿನ ನೀರು ಅವರಿಗೆ ಉಪ್ಪಿದ್ದ ಹಾಗೆ. ಹೆಸರುಕಾಳಿನ ಮೊಂಗ್ಗೊ ಮಾಡುತ್ತಾರೆ, ನುಗ್ಗೆಸೊಪ್ಪು ಹಾಕಿ, ಎಷ್ಟು ಚೆನ್ನಾಗಿರುತ್ತದೆ ಗೊತ್ತಾ, ಅದಕ್ಕೂ ಒಣಮೀನೋ ಹಂದಿ ಚರ್ಮದ ಚಿಪ್ಸೋ ಬೀಳುತ್ತದೆ. ಹಾಗಾಗಿ "ನಾನು ವೆಜಿಟೇರಿಯನ್" ಅಂದು ಸುಮ್ಮನಾಗಬೇಡ. ಮೀನೂ ಬೇಡ, ಮೀನಿನ ನೀರೂ ಬೇಡ, ಸಿಗಡಿಯೂ ಬೇಡ ಅಂತ ಒಂದೊಂದಾಗಿ ಹೇಳು. ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಬಾಣಲೆ, ಒಂದು ಸೌಟು ನಿನ್ನದೇ ಬೇರೆ ಇಟ್ಟುಕೋ. ಫ್ರಿಜ್‌ನಲ್ಲಿ ಮೇಲಿನ ಅರೆ ಕೇಳಿ ತಗೋ. ಕೆಳಗಿನದು ಬೇಡ, ಮೇಲಿನಿಂದ ಏನಾದರೂ ಸೋರುತ್ತದೆ.

ಅಡೋಬೊ ಅಂದರೆ ಕೋಳಿ, ಹಂದಿ ಅಂತಲೇ ಎಲ್ಲರೂ ತಿಳಿದಿದ್ದಾರೆ. ಅದು ಮಾಡುವ ಬಗೆಯ ಹೆಸರು. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆ. ಅಲಸಂದೆಯಲ್ಲೂ ಮಾಡಬಹುದು, ಬದನೆಯಲ್ಲೂ ಮಾಡಬಹುದು. ಒಂದೇ ಕಟ್ಟುನಿಟ್ಟು: ವಿನೆಗರ್ ಸುರಿದ ಮೇಲೆ ಕುದಿ ಬರುವ ತನಕ ಸೌಟು ಹಾಕಬಾರದು. ಹಾಕಿದರೆ ಹಸಿ ಹುಳಿವಾಸನೆ ಹೋಗುವುದಿಲ್ಲವಂತೆ. ಆತೆ ಬತಾಂಗಾಸ್ ಕಡೆಯವರು. ಅಲ್ಲಿ ಸೋಯಾ ಬಿಟ್ಟು ಅರಿಶಿನ ಹಾಕುವ ಅಡೋಬೊ ಇದೆ. ನನಗೆ ಅದೇ ಜಾಸ್ತಿ ಇಷ್ಟ. ಇಲ್ಲಿ ಅವರ ಕಬ್ಬಿನ ವಿನೆಗರ್ ಮುಗಿದ ದಿನ ಸೇಬಿನ ವಿನೆಗರ್‌ನಲ್ಲಿ ಮಾಡುತ್ತಾರೆ, ಮಾಡಿ ಗೊಣಗುತ್ತಾರೆ.

ವಾಸನೆಯ ಬಗ್ಗೆ ನೀನು ಕೇಳದಿದ್ದರೂ ನಿನ್ನ ಭಯ ಅದೇ ಅಂತ ಗೊತ್ತು. ತುಯೋ ಅಂದರೆ ಉಪ್ಪು ಹಾಕಿ ಒಣಗಿಸಿದ ಮೀನು. ಅದನ್ನು ಕರಿದ ಒಂದು ಬೆಳಗ್ಗೆ ನಮ್ಮ ಮಹಡಿಯ ಬಾಗಿಲುಗಳೆಲ್ಲ ತೆರೆದವು. ಮಾರನೇ ದಿನ ಅಡುಗೆಮನೆ ಬಾಗಿಲಿಗೆ ಚೀಟಿ ಅಂಟಿತ್ತು, ಮೀನು ಕರಿಯಬಾರದು ಅಂತ. ನಾನು ಒಳಗೊಳಗೇ ಆತೆಯನ್ನೇ ಬೈದುಕೊಂಡೆ. ಎರಡು ವಾರ ಬಿಟ್ಟು ಇನ್ನೊಂದು ಚೀಟಿ ಬಂತು. ಆ ಸಲ ನನ್ನ ಇಂಗು, ಕರಿಬೇವಿನ ಒಗ್ಗರಣೆಗೆ. ಅಲ್ಲಿಗೆ ನಾವಿಬ್ಬರೂ ಒಂದೇ ಪಕ್ಷ ಆದೆವು. ಆತೆ ಉಪಾಯ ಹುಡುಕಿದರು. ಮೀನನ್ನು ಬೇಕಿಂಗ್ ಪೇಪರ್‌ನಲ್ಲಿ ಸುತ್ತಿ ಓವನ್‌ಗೆ ಇಡುವುದು, ಅದೂ ಭಾನುವಾರ ಮಧ್ಯಾಹ್ನ, ಇಡೀ ಕಟ್ಟಡ ಶ್ನಿಟ್ಸೆಲ್ ಅನ್ನುವ ಮಾಂಸದ ತುಂಡು ಕರಿಯುವ ಹೊತ್ತಿನಲ್ಲಿ. ನನ್ನ ಒಗ್ಗರಣೆಯೂ ಅದೇ ಮುಹೂರ್ತಕ್ಕೆ. ಮಿಕ್ಸರ್ ಮಾತ್ರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮುಟ್ಟಬೇಡ, ಆ ಹೊತ್ತಲ್ಲಿ ಸದ್ದು ಮಾಡಿದರೆ ಪೊಲೀಸರನ್ನು ಕರೆಯುವವರೂ ಇದ್ದಾರೆ.

ನನ್ನ ಇಡ್ಲಿ ತಟ್ಟೆ ನೋಡಿ ಆತೆ ಕುಣಿದಾಡಿದ್ದರು. ಅವರ ಅಕ್ಕಿಹಿಟ್ಟಿನ ಪುತೋ ಕೂಡ ಹಬೆಯಲ್ಲೇ ಬೇಯುವುದು, ಹೆಚ್ಚುಕಡಿಮೆ ಇದೇ ಆಕಾರ. ನನ್ನ ಇಡ್ಲಿಗೆ ಸಕ್ಕರೆ, ತೆಂಗಿನತುರಿ, ಮೇಲೊಂದು ತುಂಡು ಚೀಸ್ ಇಟ್ಟು ತಿಂದರು. ನೋಡಲಾಗಲಿಲ್ಲ ನನಗೆ. ನಾನು ಕೈಯಲ್ಲಿ ಕಲಸಿ ತಿನ್ನುವುದನ್ನು ಮೊದಲ ಸಲ ಕಂಡಾಗ ಮಾತ್ರ ಅವರು ಸ್ಪೂನು, ಫೋರ್ಕು ಎರಡನ್ನೂ ಪಕ್ಕಕ್ಕಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಕೈ ತೊಳೆದುಕೊಂಡು ಬಂದು ಕೂತರು.

ಇನ್ನೊಂದು ಗುಟ್ಟು. ಬಚ್ಚಲಿಗೆ ಚೊಂಬು ತರಬೇಕಾ ಅಂತ ಕೇಳಲು ನಿನಗೆ ನಾಚಿಕೆ ಆಗಿರಬೇಕು. ಬೇಡ. ಹಿಡಿಕೆ ಇರುವ ಪ್ಲಾಸ್ಟಿಕ್ ಮಗ್ ಅವರ ಹತ್ತಿರ ಇದ್ದೇ ಇರುತ್ತದೆ, ತಾಬೊ ಅನ್ನುತ್ತಾರೆ. ಇಲ್ಲಿಯ ಕಾಗದದ ಸಂಸ್ಕೃತಿ ಅವರಿಗೂ ಒಗ್ಗಿಲ್ಲ.

ದುಡ್ಡಿನ ವಿಷಯದಲ್ಲಿ ಅವರನ್ನು ನೋಡಿ ಅರ್ಧ ಕಲಿ, ಅರ್ಧ ಬಿಡು. ಇಲ್ಲಿ ವರ್ಷಕ್ಕೆ 14 ಸಂಬಳ. ಹೆಚ್ಚಿನದು ಸಾಮಾನ್ಯವಾಗಿ ಜೂನ್ ಮತ್ತು ನವೆಂಬರ್‌ನಲ್ಲಿ ಬರುತ್ತದೆ, ಕೆಲವು ಕಡೆ ಮೂರು ತಿಂಗಳಿಗೊಮ್ಮೆ. ಆತೆಯ ಊರಲ್ಲಿ 13ನೇ ಸಂಬಳ 1975ರಿಂದಲೇ ಕಾನೂನು, ಹಾಗಾಗಿ ಅವರಿಗೆ ಇದು ಹೊಸದಲ್ಲ. ಜೂನ್‌ನ ದುಡ್ಡು ಬಂದ ಕೂಡಲೇ ಅವರ ರೂಮಿನಲ್ಲಿ ಆಳೆತ್ತರದ ರಟ್ಟಿನ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಬಾಲಿಕ್‌ಬಾಯನ್ ಬಾಕ್ಸ್, ಊರಿನ ಮನೆಯವರಿಗೆ ಕಳಿಸುವ ಪೆಟ್ಟಿಗೆ. ಕಾಫಿಪುಡಿ, ಸೋಪು, ಟವೆಲ್, ಗುಲಾಬಿ ಪ್ಯಾಕಿನ ಮಾನ್ನರ್ ಬಿಸ್ಕತ್ತು, ತಮ್ಮನ ಮಗನಿಗೆ ಶೂ, ಶೂ ಒಳಗೆ ಚಾಕಲೇಟು. ತೂಕಕ್ಕಲ್ಲ, ಪೆಟ್ಟಿಗೆಗೆ ಇಷ್ಟು ಅಂತ ಬಾಡಿಗೆ. ಅದಕ್ಕೇ ಒಂದು ಬೆರಳು ಜಾಗ ಖಾಲಿ ಬಿಡುವುದಿಲ್ಲ. ಹಡಗಿನಲ್ಲಿ ಎರಡು ತಿಂಗಳಿಗೂ ಜಾಸ್ತಿ ಬೇಕು, ಕ್ರಿಸ್‌ಮಸ್‌ಗೆ ಮುಟ್ಟಬೇಕಾದರೆ ಸೆಪ್ಟೆಂಬರ್‌ನಲ್ಲೇ ಹೊರಡಬೇಕು. ಅವರ ಹಬ್ಬವೂ ಸೆಪ್ಟೆಂಬರ್‌ನಿಂದಲೇ ಶುರು ಅನ್ನು, ಹಾಡು ಹಾಕಿಬಿಡುತ್ತಾರೆ.

ಬಿಡಬೇಕಾದ ಅರ್ಧ ಯಾವುದು ಅಂದರೆ ಇಲ್ಲ ಅನ್ನಲಾಗದ ಗುಣ. ಉತಾಂಗ್ ನಾ ಲೊಓಬ್ ಅನ್ನುತ್ತಾರೆ, ನಮ್ಮ ಋಣ ಇದ್ದ ಹಾಗೆ. ಆತೆ ಓದಿದ್ದು ಅತ್ತಿಗೆಯ ದುಡ್ಡಿನಲ್ಲಿ. ಆ ಒಂದು ಋಣಕ್ಕೆ ಮೂರು ಮಕ್ಕಳ ಕಾಲೇಜು, ಎರಡು ಮನೆಯ ಮಾಡು. 52 ವರ್ಷಕ್ಕೆ ತಮಗೆ ಅಂತ ಒಂದು ಕೋಟು ಕೊಂಡುಕೊಂಡರು. ನೀನು ಮೊದಲ ಸಂಬಳದಿಂದಲೇ ಸ್ವಲ್ಪ ನಿನಗೆ ಅಂತ ತೆಗೆದಿಡು, ಎಷ್ಟು ಅಂತ ಮನೆಗೆ ಹೇಳಬೇಡ. ಹತ್ತು ಜನ ಸೇರಿ ಪಾಲುವಾಗನ್ ಕಟ್ಟೋಣ ಅಂತಲೂ ಕರೆಯುತ್ತಾರೆ. ನಮ್ಮ ಚೀಟಿಯೇ, ಹರಾಜು ಇಲ್ಲ, ಸರದಿ ಮಾತ್ರ. ಒಂದೇ ವಾರ್ಡ್‌ನವರಾದರೆ ಸೇರು. ಗೆಳತಿಯ ಗೆಳತಿ ಅಂತ ಬಂದರೆ ಬೇಡ. ನಾನು ಒಮ್ಮೆ ಕಳೆದುಕೊಂಡಿದ್ದೇನೆ.

ಬರುವಾಗ ತುಪ್ಪ, ಪೇಡೆ ತರಬೇಡ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ತರುವಂತಿಲ್ಲ. ಆತೆ ಒಮ್ಮೆ ಊರಿನ ಸಾಸೇಜ್ ತಂದು ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹಾಕಿ ಬಂದಿದ್ದರು. ಹಸಿ ಕರಿಬೇವೂ ಬೇಡ. ಮಿಕ್ಸರ್ ತಾ, ಪ್ಲಗ್‌ಗೆ ಅಡಾಪ್ಟರ್ ಸಾಕು. ಕುಕ್ಕರ್ ಇಂಡಕ್ಷನ್‌ಗೆ ಆಗುವ ತಳದ್ದಿರಲಿ. ಅಕ್ಕಿ ಹೊತ್ತು ತರಬೇಡ, ಏಷ್ಯನ್ ಅಂಗಡಿಯಿಂದ 18 ಕಿಲೋ ಚೀಲ ಇಬ್ಬರು ಸೇರಿ ಎತ್ತಿಕೊಂಡು ಬರುವುದು ಇಲ್ಲಿಯ ವಾಡಿಕೆ.

ಮುರುಗಲು ಸಿಪ್ಪೆ ಒಣಗಿಸಿದ್ದು ಮನೆಯಲ್ಲಿದ್ದರೆ ಎರಡು ಹಿಡಿ ಹಾಕಿಕೊಂಡು ಬಾ. ನಿಮ್ಮ ಕಡೆ ಅದರ ಸಾರು ಮಾಡುತ್ತಾರೆ ಅಂತ ಆತೆಗೆ ಹೇಳಿದ್ದೇನೆ. ಅದರಲ್ಲಿ ಸಿನಿಗಾಂಗ್ ಮಾಡಿ ನೋಡಬೇಕಂತೆ. ಬಂದ ಮೊದಲ ಶನಿವಾರ ಡ್ಯೂಟಿ ಇಲ್ಲದಿದ್ದರೆ ಇಬ್ಬರೂ ನಿನ್ನ ಅಡುಗೆಮನೆಗೇ ಬರುತ್ತೇವೆ. ಮೀನಿನ ತಲೆ ತರುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ. ಅವತ್ತು ಅಕ್ಕಿ ತೊಳೆದ ನೀರು ತೆಗೆದಿಟ್ಟಿರು.