ಶಾಫ್ಟ್ ಅದೇ ಗೆರೆ ಮೇಲೆ ವಾಪಸ್ ಬರ್ಲೇಬೇಕಾ?

ಪ್ರಶ್ನೆ: ಸರ್, ಗಾಲ್ಫ್ ಶುರು ಮಾಡಿ ಎರಡು ವರ್ಷ ಆಯ್ತು, ಬಲಗೈಲಿ ಆಡ್ತೀನಿ. 7 ಐರನ್ (ಮಧ್ಯಮ ದೂರದ ಕ್ಲಬ್) ಒಂದ್ ಮಟ್ಟಿಗೆ ನೆಟ್ಟಗೆ ಹೋಗತ್ತೆ, ಡ್ರೈವರ್ (ದೂರ ಹೊಡೆಯೋ ಉದ್ದದ ಕ್ಲಬ್) ತಗೊಂಡ್ರೆ ಸಾಕು ಬಾಲ್ ಬಲಕ್ಕೆ ಬಾಗ್ಕೊಂಡು ಮರಗಳೊಳಗೆ. ಮೊಬೈಲಲ್ಲಿ ಹಿಂದಿನಿಂದ ವಿಡಿಯೋ ಮಾಡಿ, ಹೊಡೆಯೋಕೆ ಮುಂಚೆ ನಿಂತಾಗ ಶಾಫ್ಟ್ (ಕ್ಲಬ್ಬಿನ ಉದ್ದ ಕೋಲು) ಇರೋ ಜಾಗಕ್ಕೆ ಒಂದು ಗೆರೆ ಎಳೆದು ನೋಡ್ದೆ, ಕೆಳಗೆ ಬರೋವಾಗ ಶಾಫ್ಟ್ ಆ ಗೆರೆಗಿಂತ ಮೇಲೇ ಇರತ್ತೆ. ಜೊತೆಗೆ ಆಡೋರು ‘ಸ್ವಿಂಗ್ ಸ್ಟೀಪ್ ಆಯ್ತು, ಫ್ಲಾಟ್ ಮಾಡು’ ಅಂತಾರೆ, ಅಂದ್ರೆ ಕ್ಲಬ್ ತೀರಾ ಕಡಿದಾಗಿ ಇಳೀತಿದೆ, ಸ್ವಲ್ಪ ಮಲಗಿಸು ಅಂತ. ಅದೇ ಗೆರೆ ಮೇಲೆ ವಾಪಸ್ ತರ್ಲೇಬೇಕಾ?

ಉತ್ತರ: ಬೇಕಿಲ್ಲ. ಆ ಗೆರೆ ರೈಲು ಹಳಿ ಅಲ್ಲ. ದೊಡ್ಡ ಆಟಗಾರರದ್ದೇ ವಿಡಿಯೋ ನಿಲ್ಲಿಸಿ ನೋಡಿ, ಬಾಲ್‌ಗೆ ತಾಗೋ ಹೊತ್ತಲ್ಲಿ ಕೈಗಳು ನಿಂತಾಗ ಇದ್ದಿದ್ದಕ್ಕಿಂತ ಸ್ವಲ್ಪ ಮೇಲಿರ್ತವೆ, ಯಾಕಂದ್ರೆ ಕ್ಲಬ್ ಹೆಡ್ ಹೊರಗಡೆ ಎಳೀತಾ ಇರತ್ತೆ, ಮಣಿಕಟ್ಟು ನೆಟ್ಟಗಾಗತ್ತೆ, ಹಾಗಾಗಿ ಶಾಫ್ಟೂ ಕೆಲವು ಡಿಗ್ರಿ ಜಾಸ್ತಿ ನಿಂತ್ಕೊಳತ್ತೆ. ಹಳೇ ಕಾಲದ ದೊಡ್ಡ ಆಟಗಾರ ಬೆನ್ ಹೋಗನ್, ಸ್ವಿಂಗ್ ಎಷ್ಟು ಓರೆ ಇರ್ಬೇಕು ಅಂತ ತೋರಿಸೋಕೆ 1957ರಲ್ಲಿ ಹೇಳಿದ ಆ ಪ್ರಸಿದ್ಧ ಕಾಲ್ಪನಿಕ ಗಾಜಿನ ಹಲಗೆ ಇದ್ಯಲ್ಲ, ಅದು ಬಾಲ್‌ನಿಂದ ಭುಜಕ್ಕೆ ಒರಗಿಸಿದ್ದು, ಶಾಫ್ಟ್ ಮೇಲಿನ ಗೆರೆ ಅಲ್ಲ! ಎಷ್ಟೋ ಜನ ಎರಡನ್ನೂ ಒಂದೇ ಅನ್ಕೊಂಡು ತಲೆ ಕೆಡಿಸ್ಕೊಳ್ತಾರೆ. ಆ ಎರಡು ಗೆರೆಗಳ ಮಧ್ಯೆ ಕ್ಲಬ್ ಇಳಿದು ಬಂದ್ರೆ ನನ್ನ ಪ್ರಕಾರ ಏನೂ ತೊಂದ್ರೆ ಇಲ್ಲ.

ನೋಡ್ಬೇಕಾದ್ದು ಬೇರೆ. ಕೆಳಗೆ ಬರೋವಾಗ ಎಡತೋಳು ನೆಲಕ್ಕೆ ಸಮಾನಾಂತರ ಆದ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ, ಗ್ರಿಪ್ಪಿನ (ಕ್ಲಬ್ಬಲ್ಲಿ ಕೈ ಹಿಡಿಯೋ ಭಾಗದ) ತುದಿ ಎಲ್ಲಿಗೆ ತೋರಿಸ್ತಿದೆ ನೋಡಿ, ಅಲ್ಲೊಂದು ಟಾರ್ಚ್ ಕಟ್ಟಿದೀರ ಅನ್ಕೊಳಿ. ಬೆಳಕು ಬಾಲ್‌ನಿಂದ ಗುರಿಗೆ ಹೋಗೋ ಗೆರೆ ಮೇಲೆ ಅಥವಾ ಸ್ವಲ್ಪ ಆಚೆ ಬಿದ್ರೆ ಸರಿ, ನಿಮ್ಮ ಶೂ ತುದಿ ಹತ್ರ ಬಿದ್ರೆ ಅದು ನಿಜವಾದ ಸ್ಟೀಪ್. ಮೇಲೆ ಹೋಗೋವಾಗ ಹೇಗಿತ್ತು ಅನ್ನೋದಕ್ಕೆ ಅಷ್ಟು ಬೆಲೆ ಕೊಡ್ಬೇಡಿ, ಅಮೆರಿಕದ ಆಟಗಾರ ಜಿಮ್ ಫ್ಯೂರಿಕ್ ಕ್ಲಬ್ಬನ್ನ ಕಂಬದ ಥರ ನಿಲ್ಲಿಸ್ಕೊಂಡು ಮೇಲೆ ಒಯ್ದು, ಇಳಿಸೋವಾಗ ಸುತ್ತು ಹಾಕಿ ಒಳಗೆ ತರ್ತಾರೆ, ಅದೇ ಸ್ವಿಂಗಲ್ಲಿ 2003ರ ಯುಎಸ್ ಓಪನ್ ಗೆದ್ರು, 2016ರಲ್ಲಿ ವೃತ್ತಿಪರರ ಪಿಜಿಎ ಟೂರಲ್ಲಿ ಒಂದು ಸುತ್ತನ್ನ ಬರೀ 58 ಹೊಡೆತಗಳಲ್ಲಿ ಮುಗಿಸಿದ್ರು.

ಇನ್ನು ಡ್ರೈವರ್ ಮಾತ್ರ ಯಾಕೆ ಕೈ ಕೊಡತ್ತೆ? 7 ಐರನ್ ಸುಮಾರು 37 ಇಂಚು, ಡ್ರೈವರ್ ಸುಮಾರು 45. ಉದ್ದ ಜಾಸ್ತಿ ಅಂದ್ರೆ ಬಾಲ್ ನಿಮ್ಮಿಂದ ದೂರ, ಸ್ವಿಂಗ್ ತಾನಾಗೇ ಸ್ವಲ್ಪ ಮಲಗ್ಬೇಕು, ನೀವು ಐರನ್ ಥರಾನೇ ಬಲಭುಜ ಮುಂದೆ ತಳ್ಳಿ ಮೇಲಿಂದ ಕಡೀತಿದೀರ ಅನ್ಸತ್ತೆ, ಆಗ ಕ್ಲಬ್ ಹೊರಗಿನಿಂದ ಒಳಗೆ ಎಳ್ಕೊಂಡು ಬರತ್ತೆ, ಬಾಲ್ ಬಲಕ್ಕೆ ಬಾಗತ್ತೆ. ಈ ತಪ್ಪು ಐರನ್ನಲ್ಲೂ ಇರತ್ತೆ, ಆದ್ರೆ ಲಾಫ್ಟ್ (ಕ್ಲಬ್ ಮುಖದ ಓರೆ) ಜಾಸ್ತಿ ಇರೋದ್ರಿಂದ ಬಾಲ್ ಅಷ್ಟು ಬಾಗಲ್ಲ, ಮುಚ್ಚಿಹೋಗತ್ತೆ. ಡ್ರೈವರ್ ಏನೂ ಮುಚ್ಚಿಡಲ್ಲ.

ಅಂದಹಾಗೆ ಕ್ಯಾಮೆರಾ ಕೈಗಳ ಎತ್ತರದಲ್ಲಿ, ಕೈಗಳ ನೇರಕ್ಕೆ, ಗುರಿ ಗೆರೆಗೆ ಸಮಾನಾಂತರವಾಗಿ ಇಟ್ಟಿದ್ರಾ? ಒಂದಡಿ ಆಚೀಚೆ ಆದ್ರೆ ಒಳ್ಳೆ ಸ್ವಿಂಗೂ ಸ್ಟೀಪ್ ಥರ ಕಾಣತ್ತೆ. ಮೊದ್ಲು ಅದನ್ನ ಸರಿಮಾಡ್ಕೊಂಡು ಇನ್ನೊಂದ್ಸಲ ತೆಗೀರಿ.

ಆಮೇಲೂ ಟಾರ್ಚ್ ಶೂ ಹತ್ರಾನೇ ಬಿದ್ರೆ, ಡ್ರೈವರಿನ ಹೆಡ್‌ಕವರನ್ನ ಬಾಲ್‌ನಿಂದ ಒಂದು ಗೇಣು ಆಚೆ, ಸ್ವಲ್ಪ ಹಿಂದಕ್ಕೆ ಇಟ್ಟು, ಅದಕ್ಕೆ ತಾಗದ ಹಾಗೆ ಅರ್ಧ ಸ್ಪೀಡಲ್ಲಿ ಹೊಡೀರಿ. ಬೆನ್ನು ಗುರಿ ಕಡೆಗೇ ಇದ್ದು ತೋಳು ಮೊದ್ಲು ಇಳಿದ ಹಾಗೆ ಅನ್ನಿಸ್ಬೇಕು. ಶುರುನಲ್ಲಿ ಕೆಲವು ಬಾಲ್ ಬಾಗದೇ ಸೀದಾ ಬಲಕ್ಕೇ ಹೋಗ್ತವೆ, ಗಾಬರಿಯಾಗಿ ಹಳೇ ಸ್ವಿಂಗಿಗೆ ಮರಳ್ಬೇಡಿ, ಕ್ಲಬ್ ಬರೋ ದಾರಿ ಬದಲಾಗಿದೆ, ಕ್ಲಬ್ ಮುಖ ಮಾತ್ರ ಇನ್ನೂ ಬಲಕ್ಕೆ ನೋಡ್ತಿದೆ, ಆವಾಗ ಗ್ರಿಪ್, ಅಂದ್ರೆ ಕ್ಲಬ್ ಹಿಡಿಯೋ ರೀತಿ ಕಡೆ ಗಮನ ಕೊಡಿ.